ಕರಡಿಗೆ ಬಿದ್ದ ಪೆಟ್ಟು ಯಾರ ಲೆಕ್ಕಕ್ಕೆ?

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟವೊಂದುಂಟು. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ಇದರಲ್ಲಿ ಡ್ರೂಯಿಡ್ ಎಂಬ ಕಾಡಿನ ಮಾಂತ್ರಿಕನು ಕರಡಿಯೋ ತೋಳವೋ ಆಗಬಲ್ಲನು. ಮಾರೀಚನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ಆದರೆ ಮಾಯಾಮೃಗಕ್ಕೆ ತಗುಲಿದ ಬಾಣ ಮಾರೀಚನ ಪ್ರಾಣವನ್ನೇ ತೆಗೆಯಿತು. ಇಲ್ಲಿ ಹಾಗೆಯೇ ಆಗಬೇಕೆಂದಿಲ್ಲ.

ಪ್ರತಿ ಪಾತ್ರದ ಜೀವಬಲವನ್ನೂ ಅಂಕಿಯಲ್ಲಿ ಬರೆದಿಟ್ಟಿರುತ್ತಾರೆ. ಆಟಗಾರರು ಅದನ್ನು ಹಿಟ್ ಪಾಯಿಂಟ್ ಎನ್ನುವರು. ಅದು ಸೊನ್ನೆಗಿಳಿದರೆ ಪಾತ್ರ ಕುಸಿಯುತ್ತದೆ, ಸಾಯಲೂಬಹುದು. 1978ರ ನಿಯಮದಂತೆ ಡ್ರೂಯಿಡನು ರೂಪ ಬದಲಿಸಿದಾಗ ಆಗಿದ್ದ ಗಾಯದಲ್ಲಿ ನೂರಕ್ಕೆ 10ರಿಂದ 60ರಷ್ಟು ಮಾಯುತ್ತಿತ್ತು. ಅಗ್ಗದ ವೈದ್ಯವೇ ಸರಿ!

2014ರ ನಿಯಮವನ್ನು ಗುಮಾಸ್ತರಾದ ನಾವು ಬೇಗ ಹಿಡಿಯಬಲ್ಲೆವು: ಖಾತೆಗಳು ಎರಡು. ಡ್ರೂಯಿಡನ ಸ್ವಂತ ಬಲ 15 ಎನ್ನೋಣ. ಕಂದು ಕರಡಿಯದು 34. ರೂಪ ತಾಳಿದೊಡನೆ 15ರ ಖಾತೆಯನ್ನು ಮುಚ್ಚಿಟ್ಟು 34ರದನ್ನು ತೆರೆಯಬೇಕು. ಕಾಳಗದಲ್ಲಿ 30 ಕಳೆದು, ಕೊನೆಯ ಪೆಟ್ಟು 10ರದ್ದಾದರೆ 4 ಕರಡಿಗೆ, ಮಿಕ್ಕ 6 ಮನುಷ್ಯನಿಗೆ. ಕರಡಿ ಮಾಯವಾಗಿ ಅವನು 9ರಲ್ಲಿ ನಿಲ್ಲುತ್ತಾನೆ. ಈ ಮಿಕ್ಕದ್ದನ್ನು ಬರೆದುಕೊಳ್ಳಲು ಮರೆಯುವವರೇ ಹೆಚ್ಚು. ಇನ್ನೊಂದು ಮಾತು: 3 ಉಳಿದಿದ್ದಾಗ ಕರಡಿಯಾದವನು ಮರಳಿದಾಗಲೂ 3ರಲ್ಲೇ ಇರುತ್ತಾನೆ. ಮುಚ್ಚಿಟ್ಟ ಖಾತೆಗೆ ಬಡ್ಡಿಯಿಲ್ಲ.

ತೊಂದರೆ ಬೇರೆಡೆ ಇತ್ತು. ಚಂದ್ರನ ಪಂಗಡದ ಡ್ರೂಯಿಡನು ಎರಡನೆಯ ಮೆಟ್ಟಿಲಲ್ಲೇ ಕರಡಿಯಾಗುತ್ತಿದ್ದನು, ಅದೂ ವಿಶ್ರಾಂತಿಯ ನಡುವೆ ಎರಡು ಸಲ. 34, ಮತ್ತೆ 34, ತನ್ನ 15 ಸೇರಿ 83! ಅದೇ ಮೆಟ್ಟಿಲ ಕತ್ತಿಯಾಳಿಗೆ 20ರ ಆಸುಪಾಸು. ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಬೇಸರವಾಗದಿದ್ದೀತೆ?

2024ರ ಪುಸ್ತಕದಲ್ಲಿ ಖಾತೆ ಒಂದೇ. ರೂಪ ಯಾವುದಾದರೂ ಬಲ ಡ್ರೂಯಿಡನದೇ. ಮೇಲೆ ಮೆಟ್ಟಿಲೆಷ್ಟೋ ಅಷ್ಟು ತಾತ್ಕಾಲಿಕ ಬಲ ಸಿಗುತ್ತದೆ. ಚಂದ್ರನ ಪಂಗಡಕ್ಕೆ ಅದರ ಮೂರರಷ್ಟು, ಅಂದರೆ ಮೂರನೆಯ ಮೆಟ್ಟಿಲಲ್ಲಿ 9. ಪೆಟ್ಟು ಮೊದಲು ಅದನ್ನು ತಿನ್ನುತ್ತದೆ. ಅದು ತೀರಿದರೂ ಕರಡಿಯ ರೂಪ ಉಳಿಯುತ್ತದೆ, ಸುರಿಯುವ ರಕ್ತ ಮಾತ್ರ ಸ್ವಂತದ್ದು. ಲೆಕ್ಕ ಸುಲಭವಾಯಿತು, ನಿಜ. ಕರಡಿ ಸತ್ತು ಮನುಷ್ಯ ಎದ್ದು ನಿಲ್ಲುವ ಆ ಸೊಗಸು ಹೋಯಿತಲ್ಲ ಎಂಬ ಕೊರಗು ನಮಗುಂಟು.

ಎರಡು ಪುಸ್ತಕಗಳೂ ಬಳಕೆಯಲ್ಲಿವೆ. ಆದುದರಿಂದ ಆಟಕ್ಕೆ ಕುಳಿತಾಗಲೇ ಯಾವ ವರ್ಷದ ಲೆಕ್ಕವೆಂದು ಯಜಮಾನನನ್ನು ಕೇಳಿಕೊಳ್ಳಿರಿ. ಕರಡಿಯಾಗಿ ಶತ್ರುಗಳ ನಡುವೆ ನುಗ್ಗಿದ ಮೇಲೆ ಕೇಳುವುದಲ್ಲ.