ಮೂಗಿನ ಕೋಶಕ್ಕೆ ಮಿದುಳಿನ ದಾರಿ

ತಲೆಗೆ ಪೆಟ್ಟು ಬಿದ್ದು ಗುಣವಾಗಿ ಮನೆಗೆ ಬಂದವರಲ್ಲಿ ಕೆಲವರಿಗೆ ಒಲೆಯ ಮೇಲೆ ಹಾಲು ಸೀದರೂ ತಿಳಿಯುವುದಿಲ್ಲ. ಇಂಗಿನ ಒಗ್ಗರಣೆಯಾಗಲಿ ಸೋರುವ ಗ್ಯಾಸ್ ಆಗಲಿ ಅವರ ಮೂಗಿಗೆ ತಾಕದು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂತೆ ತೂತುಬಿದ್ದ ತೆಳು ಮೂಳೆಯೊಂದಿದೆ. ವಾಸನೆಯ ನರದೆಳೆಗಳು ಆ ತೂತುಗಳಲ್ಲಿ ನುಸುಳಿ ಮಿದುಳಿನ ಘ್ರಾಣಗಡ್ಡೆಯನ್ನು ಸೇರುತ್ತವೆ. ಹೊಡೆತಕ್ಕೆ ಮಿದುಳು ಬುರುಡೆಯೊಳಗೆ ಜರುಗಿದಾಗ ಎಳೆಗಳು ಅಲ್ಲೇ ಹರಿದುಹೋಗಬಹುದು. ಇದಕ್ಕೆ ಸ್ಟೆಮ್ ಸೆಲ್, ಅಂದರೆ ಆಕರಕೋಶವೇ ಮದ್ದೆಂಬ ನಂಬಿಕೆ ಬೆಳೆಯುತ್ತಿದೆ. ಆದರೆ ಆಕರಕೋಶಗಳು ಮೂಗಿನೊಳಗೆ ಹುಟ್ಟಿನಿಂದಲೇ ಇವೆ. ವಾಸನೆಯ ನರಕೋಶ ಸತ್ತರೆ ಒಳಪದರದ ತಳದ ಬೇಸಲ್ ಕೋಶಗಳು ಹೊಸದನ್ನು ಹುಟ್ಟಿಸುತ್ತವೆ. ಕೆಲವರಿಗೆ ವಾಸನೆ ತಾನಾಗಿ ಮರಳುವುದು ಇದರಿಂದಲೇ. ಉಳಿದವರಲ್ಲಿ ಹೊಸ ಎಳೆ ಬೆಳೆದರೂ ಮೂಳೆಯ ಬಳಿ ಗಟ್ಟಿಯಾದ ಗಾಯದ ಕಲೆ ಅದನ್ನು ತಡೆಯಬಹುದು. ಹಾಗಾಗಿ ಸಂಶೋಧನೆ ಮೊದಲು ಹುಡುಕಬೇಕಾದದ್ದು ಎಳೆ ಆ ಕಲೆಯನ್ನು ದಾಟಿ ಮಿದುಳು ಸೇರುವ ದಾರಿಯನ್ನು. ದಾಟಿದರೂ ಸಾಲದು. ಮನುಷ್ಯನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿದ್ದು, ಒಂದೊಂದು ಬಗೆಯ ಎಳೆಗಳೂ ಗಡ್ಡೆಯಲ್ಲಿ ತಮ್ಮದೇ ಗಂಟನ್ನು ಸೇರಬೇಕು. ಚೇತರಿಸಿಕೊಳ್ಳುವಾಗ ಕೆಲವರಿಗೆ ಕಾಫಿ ಸುಟ್ಟ ರಬ್ಬರಿನಂತೆ ನಾರುವುದಕ್ಕೆ ಎಳೆಗಳು ತಪ್ಪು ಗಂಟಿಗೆ ಸೇರುವುದೂ ಕಾರಣವಿರಬಹುದು.

ಆಕರಕೋಶ ಚಿಕಿತ್ಸೆ ಇಲಿಗಳಲ್ಲಿ ಫಲಿಸಿದೆಯಲ್ಲ ಎಂದು ಕೇಳುವವರಿದ್ದಾರೆ. ಹೌದು, 2019ರಲ್ಲಿ ಮಯಾಮಿಯ ಬ್ರಾಡ್ಲಿ ಗೋಲ್ಡ್‌ಸ್ಟೀನ್ ತಂಡ ವಾಸನೆ ಕುಂದಿದ ಇಲಿಗಳ ಮೂಗಿಗೆ ಆಕರಕೋಶಗಳನ್ನು ಹನಿಸಿತು. ಅವು ಬೇರೂರಿ ನರಕೋಶಗಳಾಗಿ, ಎಳೆಗಳನ್ನು ಗಡ್ಡೆಯವರೆಗೂ ಚಾಚಿದವು. ಸಂತೋಷದ ಸುದ್ದಿಯೇ. ಆದರೆ ಆ ಇಲಿಗಳ ದೋಷ ವಾಸನೆ ಹಿಡಿಯುವ ಸೂಕ್ಷ್ಮ ರೋಮಗಳಲ್ಲಿತ್ತು; ಪೆಟ್ಟಿನಿಂದ ಹರಿದ ದಾರಿ ಅಲ್ಲಿರಲಿಲ್ಲ. ಬೇರೆ ದಾರಿಯಿಲ್ಲದ ರೋಗಿಗೆ ಕೊಟ್ಟು ನೋಡಿದರೇನು ತಪ್ಪು ಎಂಬ ಪ್ರಶ್ನೆ ಇನ್ನೂ ಕಷ್ಟದ್ದು, ಅದರ ಹಿಂದಿರುವ ನೋವು ನಿಜವಾದದ್ದು. ಅದಕ್ಕೆ ಉತ್ತರವಾಗಿ 2014ರಲ್ಲಿ ವರದಿಯಾದ ಒಂದು ಪ್ರಕರಣವನ್ನು ನೆನೆಯಬೇಕು. ಬೆನ್ನುಹುರಿಗೆ ಪೆಟ್ಟಾಗಿದ್ದ ಅಮೆರಿಕದ ಯುವತಿಯೊಬ್ಬಳು ಪೋರ್ಚುಗಲ್‌ನಲ್ಲಿ ತನ್ನದೇ ಮೂಗಿನ ಒಳಪದರವನ್ನು ಗಾಯಕ್ಕೆ ನೆಡಿಸಿಕೊಂಡಿದ್ದಳು. ಎಂಟು ವರ್ಷದ ಮೇಲೆ ಬೆನ್ನುನೋವು ಶುರುವಾಗಿ ವೈದ್ಯರು ತೆರೆದು ನೋಡಿದರೆ, ಹುರಿಯ ಮೇಲೆ ಸಿಂಬಳದಂಥ ದ್ರವ ತುಂಬಿದ ಗೆಡ್ಡೆ ಬೆಳೆದಿತ್ತು. ಕೋಶ ತನ್ನ ಹುಟ್ಟುಗುಣ ಬಿಟ್ಟಿರಲಿಲ್ಲ. ನೆಟ್ಟದ್ದನ್ನು ಹಿಂದಕ್ಕೆ ಪಡೆಯಲು ಬಾರದ ಚಿಕಿತ್ಸೆಯಲ್ಲಿ ಆತುರಕ್ಕೆ ಇಂಥ ಬೆಲೆ ತೆರಬೇಕಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತ ಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟು ಉಳಿದ ಆಕರಕೋಶ ಪ್ರಯೋಗಗಳು ಕ್ಲಿನಿಕಲ್ ಟ್ರಯಲ್‌ನೊಳಗೇ ನಡೆಯಬೇಕೆನ್ನುವುದು ಸರಿಯಾಗಿಯೇ ಇದೆ.

ಅಂಥ ಟ್ರಯಲ್‌ಗಳು ಫಲ ಕೊಡುವವರೆಗೆ ರೋಗಿ ಬರಿಗೈಯಲ್ಲಿ ಕೂರಬೇಕಿಲ್ಲ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ 2009ರಲ್ಲಿ ತೋರಿಸಿದ ಅಭ್ಯಾಸ ಸರಳವಾದದ್ದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ಪರಿಮಳವನ್ನು ದಿನಕ್ಕೆ ಎರಡು ಸಲ, 12 ವಾರ, ಗಮನವಿಟ್ಟು ಮೂಸುವುದು. ಎಲ್ಲರಿಗೂ ಫಲಿಸದು, ಆದರೆ ಕೆಡುಕೇನೂ ಇಲ್ಲ. ಇದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡಬಹುದು.