ಮುಯ್ಯಾಳಿನ ಊರಿಂದ ಹರಾಂಬೆಯ ನಾಡಿಗೆ

ನಮ್ಮೂರ ಕಡೆ ‘ಮುಯ್ಯಾಳು’ ಎಂಬ ಮಾತೊಂದಿದೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀವು ಬರುತ್ತೀರಿ. ಕೂಲಿಯ ಮಾತಿಲ್ಲ, ಲೆಕ್ಕ ಬರೆಯುವವರೂ ಇಲ್ಲ. ನೈರೋಬಿಗೆ ಬಂದ ಹೊಸತರಲ್ಲಿ ‘ಹರಾಂಬೆ’ ಎಂಬ ಸ್ವಾಹಿಲಿ ಪದ ಕೇಳಿದಾಗ ನನಗೆ ನೆನಪಾದದ್ದು ಅದೇ. ‘ಎಲ್ಲರೂ ಕೂಡಿ ಎಳೆಯೋಣ’ ಎಂದು ಅದರ ಅರ್ಥ. ಕೀನ್ಯಾದ ರಾಷ್ಟ್ರಲಾಂಛನದಲ್ಲೂ ಆ ಪದವಿದೆ. ಎರಡೂ ಒಂದೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಆದರೆ ಆ ಮಾತು ಮನಸ್ಸಿಗೆ ಇಳಿದದ್ದು ಕೊರೊನಾ ಕಾಲದಲ್ಲಿ.

2020ರ ಮಾರ್ಚ್ 13ರಂದು ಕೀನ್ಯಾದ ಮೊದಲ ಪ್ರಕರಣ ಪ್ರಕಟವಾಯಿತು. 25ರಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತವು. 27ರಿಂದ ಸಂಜೆ 7ರಿಂದ ಬೆಳಗಿನ 5ರವರೆಗೆ ಕರ್ಫ್ಯೂ. ಏಪ್ರಿಲ್ 6ರಿಂದ ನೈರೋಬಿಯಿಂದ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. 14 ಸೀಟಿನ ಮಟಾಟುವಿನಲ್ಲಿ 8 ಜನರಿಗಷ್ಟೇ ಅವಕಾಶ.

ನಾವಿರುವ ಲೊರೆಶೋ ಮರಗಳ ನೆರಳಿನ, ದೊಡ್ಡ ಗೇಟುಗಳ ಬಡಾವಣೆ. ಪಕ್ಕದಲ್ಲೇ ಕಾಂಗೇಮಿ, ತಗಡಿನ ಮನೆಗಳು ಒತ್ತೊತ್ತಾಗಿ ನಿಂತ ಜಾಗ. ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯುವವರು, ತೋಟ ನೋಡುವವರು, ಗೇಟು ಕಾಯುವ ಅಸ್ಕರಿಗಳು ಬಹಳಷ್ಟು ಮಂದಿ ಅಲ್ಲಿಂದಲೇ ಬರುತ್ತಾರೆ. ಗೇಟು ಮುಚ್ಚಿಕೊಂಡಾಗ ನಮಗೆ ಬೇಸರವಾಯಿತು, ಅಷ್ಟೇ. ಅವರಿಗೆ ಅಂದಿನ ಕೂಲಿಯೇ ಹೋಯಿತು.

ನಾಲ್ಕಾರು ಕನ್ನಡ ಮನೆಗಳು ಸೇರಿ ಹಣ ಕೂಡಿಸಿದೆವು. ಉಂಗಾ ಹಿಟ್ಟು, ಬೀನ್ಸ್, ಎಣ್ಣೆ, ಸೋಪು ತಂದು ಪೊಟ್ಟಣ ಕಟ್ಟಿದೆವು. ಕಾರಿನಲ್ಲಿ ಹೋಗಿ ಹಂಚಿ ಬರುವುದೆಂದು ನಮ್ಮ ಯೋಚನೆ! ಅಷ್ಟರಲ್ಲಿ ಏಪ್ರಿಲ್ 10ರಂದು ಕಿಬೇರಾದಲ್ಲಿ ಆಹಾರ ಹಂಚುವಾಗ ನೂಕುನುಗ್ಗಲಾಗಿ ಹಲವರು ಗಾಯಗೊಂಡ ಸುದ್ದಿ ಬಂತು. ನಮ್ಮ ಮನೆಗೆಲಸದಾಕೆ ಫೋನಿನಲ್ಲಿ ಹೇಳಿದಳು: “ಮಾಮಾ, ನೀವು ಬರಬೇಡಿ. ನಮ್ಮ ಓಣಿಯ ಆರೋಗ್ಯ ಸ್ವಯಂಸೇವಕಿಗೆ ಹೇಳುತ್ತೇನೆ.”

ಮರುದಿನ ಗೇಟಿನಾಚೆ ಮಾಸ್ಕ್ ಕಟ್ಟಿಕೊಂಡು ಆಕೆ ನಿಂತಿದ್ದರು. ಕೈಯಲ್ಲೊಂದು ಮಾಸಿದ ನೋಟ್‌ಬುಕ್. ಕೀನ್ಯಾ 2006ರಲ್ಲಿ ರೂಪಿಸಿದ ಸಮುದಾಯ ಆರೋಗ್ಯ ವ್ಯವಸ್ಥೆಯಲ್ಲಿ ಸುಮಾರು ನೂರು ಮನೆಗಳಿಗೆ ಇಂಥ ಒಬ್ಬರು. ಯಾರು ಕ್ಷಯದ ಮಾತ್ರೆ ನುಂಗುತ್ತಿದ್ದಾರೆ, ಯಾರು ತುಂಬು ಗರ್ಭಿಣಿ, ಯಾವ ಮುದುಕ ಒಬ್ಬನೇ ಇದ್ದಾನೆ, ಎಲ್ಲವೂ ಆ ನೋಟ್‌ಬುಕ್ಕಿನಲ್ಲಿತ್ತು. ನಮ್ಮ ಪೊಟ್ಟಣ ನೋಡಿ ಆಕೆ ಮೆಲ್ಲಗೆ ಅಂದರು: “ಬೀನ್ಸ್ ಬೇಯಲು ಇದ್ದಿಲು ಬೇಕಲ್ಲ? ಕೆಲವರಿಗೆ 500 ಶಿಲ್ಲಿಂಗ್ ಎಂ-ಪೆಸಾ ಮಾಡಿ. ಉಳಿದದ್ದು ನಾನು ದಿನಕ್ಕೆ ಹತ್ತು ಮನೆಯಂತೆ ಮುಟ್ಟಿಸುತ್ತೇನೆ.” ಆ ದಿನಗಳಲ್ಲಿ 1,000 ಶಿಲ್ಲಿಂಗ್‌ವರೆಗಿನ ಎಂ-ಪೆಸಾಕ್ಕೆ ಶುಲ್ಕ ತೆಗೆದುಹಾಕಿದ್ದರು. ಗದ್ದಲವಿಲ್ಲದೆ, ಸಾಲು ನಿಲ್ಲಿಸದೆ, ಫೋಟೋ ಇಲ್ಲದೆ ಎಲ್ಲವೂ ಬಾಗಿಲಿಗೇ ತಲುಪಿತು.

ನಮ್ಮ ಬಳಿ ಹಣವಿತ್ತು, ಕಾರಿತ್ತು. ಆದರೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿರಲಿಲ್ಲ. ಸ್ವಯಂಸೇವಕರ ಬೆಲೆ ಇರುವುದು ಅಲ್ಲಿಯೇ. ಆ ತಿಳುವಳಿಕೆ ಸಂಕಟ ಬಂದ ದಿನ ಹುಟ್ಟುವಂಥದ್ದಲ್ಲ; ವರ್ಷಗಟ್ಟಲೆ ಓಣಿ ತಿರುಗಿದವರಿಗೆ ಮಾತ್ರ ಬರುವಂಥದ್ದು.

ನಮ್ಮವರ ನಡುವೆಯೂ ಅದೇ ಪಾಠ. ಮಕ್ಕಳನ್ನು ನೋಡಲು ಬಂದ ಅಪ್ಪ-ಅಮ್ಮಂದಿರು ವಿಮಾನವಿಲ್ಲದೆ ಇಲ್ಲೇ ಉಳಿದರು. ಮೂರು ತಿಂಗಳಿಗೆಂದು ತಂದ ಬಿಪಿ ಮಾತ್ರೆ ಮುಗಿಯಿತು. ಯಾರ ಮನೆಯಲ್ಲಿ ಹಿರಿಯರಿದ್ದಾರೆ ಎಂಬ ಪಟ್ಟಿಯೇ ನಮ್ಮಲ್ಲಿರಲಿಲ್ಲ! ಗೃಹಿಣಿಯರಿಬ್ಬರು ಒಂದು ವಾರ ಫೋನು ಹಿಡಿದು ಕೂತು ಅದನ್ನು ಸಿದ್ಧಪಡಿಸಿದರು. ಬಳಿಕ ಅದೇ ಮಾತ್ರೆ ಇಲ್ಲಿ ಯಾವ ಹೆಸರಿನಲ್ಲಿ ಸಿಗುತ್ತದೆಂದು ಡಾಕ್ಟರನ್ನು ಕೇಳಿ ತರಿಸಿದ್ದಾಯಿತು. ಸೋಂಕು ತಗಲಿದ ಮನೆಗಳ ಗೇಟಿಗೆ ಅನ್ನ-ಸಾರಿನ ಕ್ಯಾರಿಯರ್ ಹೋಯಿತು.

2021ರ ಏಪ್ರಿಲ್-ಮೇ ತಿಂಗಳಲ್ಲಿ ಕಷ್ಟ ಬೆಂಗಳೂರಿನದಾಯಿತು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ನಾವು ಇಲ್ಲಿಂದ ರಾತ್ರಿಯಿಡೀ ಫೋನು ಮಾಡಿದೆವು. ಆ ಕಡೆ ಮಾತಾಡಿದವರು ಹೆಸರೂ ತಿಳಿಯದ ಹುಡುಗ-ಹುಡುಗಿಯರು. ನನ್ನ ಸೋದರಮಾವ ಉಳಿಯಲಿಲ್ಲ. ಅವರ ಕಡೆಯ ಕಾರ್ಯ ನಡೆಸಿಕೊಟ್ಟವರು ಪಿಪಿಇ ತೊಟ್ಟ ನಾಲ್ವರು ಸ್ವಯಂಸೇವಕರು. ಅವರು ಯಾವ ಜಾತಿ, ಯಾವ ಮತ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಬೈಲ್ ಪರದೆಯಲ್ಲಿ ಅದನ್ನು ನೋಡುತ್ತ ಲೊರೆಶೋದಲ್ಲಿ ಕುಳಿತಿದ್ದ ನನಗೆ ಕಾಂಗೇಮಿಯ ಆ ನೋಟ್‌ಬುಕ್ ನೆನಪಾಯಿತು. ಇಲ್ಲಿ ನಾನು ಅಪರಿಚಿತರಿಗೆ ಕೊಟ್ಟದ್ದು ಬಹಳ ಸಣ್ಣದು. ಅಲ್ಲಿ ಅಪರಿಚಿತರು ನನಗೆ ಕೊಟ್ಟದ್ದನ್ನು ಹೇಗೆ ತೀರಿಸಲಿ? ಅದೇ ಮೇ ತಿಂಗಳ ಕೊನೆಯಲ್ಲಿ ಕೀನ್ಯಾ ಭಾರತಕ್ಕೆ 12 ಟನ್ ಚಹಾ, ಕಾಫಿ, ಕಡಲೆಕಾಯಿ ಕಳಿಸಿಕೊಟ್ಟಿತು. ‘ಇಷ್ಟೇನಾ’ ಎಂದು ನಕ್ಕವರೂ ಇದ್ದರು. ನನಗಂತೂ ಅದು ಮುಯ್ಯಾಗಿ ಕಂಡಿತು.

ಬಂಧುಗಳೇ, ಒಂದು ಮಾತು. ‘ಸೇವೆ’ ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದ ಆ 2020ರಲ್ಲೇ, ಜುಲೈ ತಿಂಗಳಲ್ಲಿ, 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಭಾರತದ ಆಶಾ ಕಾರ್ಯಕರ್ತೆಯರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಬಂದದ್ದು 2022ರ ಮೇ ತಿಂಗಳಲ್ಲಿ. ಕೀನ್ಯಾ ತನ್ನ ಸುಮಾರು ಒಂದು ಲಕ್ಷ ಸ್ವಯಂಸೇವಕರಿಗೆ ‘ಸಮುದಾಯ ಆರೋಗ್ಯ ಪ್ರವರ್ತಕರು’ ಎಂಬ ಹೊಸ ಹೆಸರು, ಔಷಧ ಪೆಟ್ಟಿಗೆ, ತಿಂಗಳ ಭತ್ಯೆಯ ಭರವಸೆ ಕೊಟ್ಟದ್ದು 2023ರಲ್ಲಿ. ಕೊನೆಗಾದರೂ ಬಂತಲ್ಲ ಎನ್ನೋಣ. ಆದರೆ ಹೊಟ್ಟೆ ತುಂಬದ ಸೇವೆ ಎಷ್ಟು ದಿನ ನಡೆದೀತು?

ಈ ಹಬ್ಬದ ಊಟದ ಪಂಕ್ತಿಯಲ್ಲಿ ನಾವು ಎರಡು ಕೆಲಸ ಮಾಡೋಣ. ಒಂಟಿಯಾಗಿರುವವರು ಯಾರು, ಹಿರಿಯರಿರುವ ಮನೆ ಯಾವುದು, ಯಾರ ರಕ್ತದ ಗುಂಪು ಯಾವುದು ಎಂಬ ಪಟ್ಟಿಯನ್ನು ಇಂದೇ ಹೊಸದಾಗಿ ಬರೆಯೋಣ. ಹಾಗೆಯೇ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಓಣಿಯ ಆರೋಗ್ಯ ಪ್ರವರ್ತಕರು ಯಾರೆಂದು ಕೇಳಿ, ಅವರ ಹೆಸರು ತಿಳಿದುಕೊಳ್ಳಿ. ಇನ್ನೊಂದು ಕಷ್ಟ ಹೇಳಿ ಬರುವುದಿಲ್ಲ. ಬಂದಾಗ ತಟ್ಟಬೇಕಾದ ಬಾಗಿಲು ನಮಗೆ ಗೊತ್ತಿರಲಿ. ನಮ್ಮ ಬಾಗಿಲೂ ಅವರಿಗೆ ಗೊತ್ತಿರಲಿ.