ಹೊಸ ಊರಿನ ಸುಸ್ತೋ, ಕಾಯಿಲೆಯೋ? ಉಗಾಂಡಾಕ್ಕೆ ಸ್ವಯಂಸೇವಕರಾಗಿ ಹೋದವರ ಮೊದಲ ಮೂರು ತಿಂಗಳು

ಶಾಲೆಯಲ್ಲಿ ಪಾಠ ಹೇಳಲು, ಹಳ್ಳಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಲು, ಮಹಿಳಾ ಸಂಘಗಳಿಗೆ ಲೆಕ್ಕಪತ್ರ ಕಲಿಸಲು ಭಾರತದಿಂದ ಪೂರ್ವ ಆಫ್ರಿಕಾಕ್ಕೆ ಸ್ವಯಂಸೇವಕರಾಗಿ ಹೋಗುವವರಿದ್ದಾರೆ. ಕೆಲವರು 1970ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದ ಮೂಲಕ ಹೋದರೆ, ಕೆಲವರು ಸೇವಾ ಸಂಸ್ಥೆಗಳ ಮೂಲಕ ಹೋಗುತ್ತಾರೆ. ಎಲ್ಲರೂ ಇಪ್ಪತ್ತರ ಹರೆಯದವರಲ್ಲ. ನಿವೃತ್ತ ಶಿಕ್ಷಕರು, ನರ್ಸ್‌ಗಳು, ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನು ಚೀಲದಲ್ಲಿಟ್ಟುಕೊಂಡೇ ವಿಮಾನ ಹತ್ತುವವರೂ ಇದ್ದಾರೆ.

ಹೊಸ ದೇಶದಲ್ಲಿ ಮೊದಲ ಕೆಲವು ವಾರ ಏನಾದರೊಂದು ಆಗುತ್ತಲೇ ಇರುತ್ತದೆ. ತಲೆನೋವು, ಸುಸ್ತು, ಹೊಟ್ಟೆ ಕೆಡುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು. "ಹೊಸ ಜಾಗ, ನಾಲ್ಕು ದಿನ ಹೋದರೆ ಸರಿಹೋಗುತ್ತದೆ" ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ನಿಜ. ಆದರೆ ಮಲೇರಿಯಾ ಜ್ವರಕ್ಕೂ ಇದೇ ಮಾತು ಹೇಳಿಕೊಂಡರೆ ಜೀವಕ್ಕೇ ಅಪಾಯ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಒಂದು ದಿನವೂ ಕಾಯಬಾರದು ಎಂಬುದನ್ನು ಉಗಾಂಡಾದ ಉದಾಹರಣೆಯೊಂದಿಗೆ ಇಲ್ಲಿ ನೋಡೋಣ.

ಕಾಯಬಹುದಾದದ್ದು ಯಾವುದು?

ಉಗಾಂಡಾದ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಅಲ್ಲಿ 6.30. ಹಾಗಾಗಿ ಮೊದಲ ಮೂರ್ನಾಲ್ಕು ದಿನ ಸಂಜೆಯೇ ನಿದ್ದೆ ಬರುವುದು, ನಸುಕಿನಲ್ಲೇ ಎಚ್ಚರವಾಗುವುದು ಸಹಜ. ಸಂಜೆಯ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಡೆದಾಡಿದರೆ ದೇಹ ಬೇಗ ಹೊಂದಿಕೊಳ್ಳುತ್ತದೆ.

ಊಟವೂ ಬದಲಾಗುತ್ತದೆ. ಬಾಳೆಕಾಯಿಯನ್ನು ಬೇಯಿಸಿ ಮುದ್ದೆ ಮಾಡಿದ ಮಾಟೋಕೆ, ಮೆಕ್ಕೆಜೋಳದ ಹಿಟ್ಟಿನ ಪೋಶೋ, ಬೀನ್ಸ್ ಸಾರು, ಕಡಲೆಕಾಯಿಯ ಗೊಜ್ಜು ಅಲ್ಲಿಯ ನಿತ್ಯದ ಊಟ. ರಾಗಿಮುದ್ದೆ ಉಂಡವರಿಗೆ ಪೋಶೋ ತೀರಾ ಅಪರಿಚಿತ ಎನಿಸುವುದಿಲ್ಲ. ಡೋಡೋ ಎಂದು ಮಾರುವ ಸೊಪ್ಪು ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಆದರೂ ಮೊದಲ ವಾರ ಹೊಟ್ಟೆ ಉಬ್ಬರಿಸುವುದು, ಮಲಬದ್ಧತೆ ಅಥವಾ ಒಂದೆರಡು ದಿನದ ಭೇದಿ ಆಗಬಹುದು. ಕುದಿಸಿ ಆರಿಸಿದ ನೀರು ಕುಡಿಯಿರಿ. ಓಆರ್‌ಎಸ್ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ. ಭೇದಿಯ ಜೊತೆ ರಕ್ತ ಅಥವಾ ಜ್ವರ ಇದ್ದರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ಸ್ವಂತವಾಗಿ ನುಂಗದೆ ವೈದ್ಯರನ್ನು ಕಾಣಿ.

ಕಾಯಬಾರದ ಲಕ್ಷಣ: ಜ್ವರ

ಭಾರತದಲ್ಲಿ ಮಲೇರಿಯಾ ಬಂದು ಹೋದವರು "ಅದೇನು ಮಹಾ" ಎಂದುಕೊಳ್ಳಬಹುದು. ನಮ್ಮಲ್ಲಿ ಹಲವರಿಗೆ ಬರುವುದು ವೈವಾಕ್ಸ್ ಎಂಬ ಬಗೆ. ಉಗಾಂಡಾದಲ್ಲಿ ಬಹುಪಾಲು ಫಾಲ್ಸಿಪಾರಂ ಬಗೆಯದು. ಇದು ಮೊದಲು ಮೈಕೈ ನೋವು, ಚಳಿ, ತಲೆನೋವಿನಂತೆ ಕಾಣಿಸಿಕೊಂಡು, ಚಿಕಿತ್ಸೆ ತಡವಾದರೆ ಒಂದೆರಡು ದಿನಗಳಲ್ಲೇ ಮಿದುಳು, ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಅಲ್ಲಿ ಹುಟ್ಟಿ ಬೆಳೆದ ದೊಡ್ಡವರಿಗೆ ಮತ್ತೆ ಮತ್ತೆ ಸೋಂಕು ತಗುಲಿ ಸ್ವಲ್ಪ ಮಟ್ಟಿನ ರಕ್ಷಣೆ ಇರುತ್ತದೆ. ನಮಗೆ ಅದು ಇರುವುದಿಲ್ಲ. ಆದ್ದರಿಂದ ಸಹೋದ್ಯೋಗಿಯೊಬ್ಬರು "ನನಗೂ ಬಂದಿತ್ತು, ಎರಡು ದಿನ ಮಲಗಿದೆ ಅಷ್ಟೆ" ಎಂದರೆ ಅದು ನಿಮಗೆ ಅನ್ವಯಿಸದು.

ಸೊಳ್ಳೆ ಕಚ್ಚಿ ಸಾಮಾನ್ಯವಾಗಿ ಒಂದು ವಾರವಾದ ಮೇಲೆ ಜ್ವರ ಶುರುವಾಗುತ್ತದೆ. ಅಂದರೆ ಹೊಸ ಜಾಗದ ಸುಸ್ತು ಇರುವ ದಿನಗಳಲ್ಲೇ ಇದೂ ಬರಬಹುದು. ನಿಯಮ ಸರಳ: ಉಗಾಂಡಾಕ್ಕೆ ಹೋಗಿ ಒಂದು ವಾರ ಕಳೆದ ಮೇಲೆ ಯಾವುದೇ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಪ್ಯಾರಸಿಟಮಾಲ್ ನುಂಗಿ ಜ್ವರ ಇಳಿಯಿತೆಂದು ಸುಮ್ಮನಾಗಬೇಡಿ. ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮತ್ತೆ ಪರೀಕ್ಷೆ ಬೇಕು. ಮಲೇರಿಯಾ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಈ ನಿಯಮ ಬದಲಾಗುವುದಿಲ್ಲ, ಏಕೆಂದರೆ ಯಾವ ಮಾತ್ರೆಯೂ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲ.

ತಡೆ ಮಾತ್ರೆಗಳಲ್ಲಿ ಯಾವುದು ನಿಮಗೆ ಸರಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಬಳಸುವ ಕ್ರಮ ಮಾತ್ರ ತಿಳಿದಿರಲಿ:

- ಅಟೊವಾಕ್ವೋನ್-ಪ್ರೊಗ್ವಾನಿಲ್: ದಿನಕ್ಕೊಂದು. ಹೊರಡುವ 1-2 ದಿನ ಮೊದಲು ಆರಂಭಿಸಿ, ಮರಳಿದ ಮೇಲೆ 7 ದಿನ ಮುಂದುವರಿಸಬೇಕು. ಊಟ ಅಥವಾ ಹಾಲಿನ ಜೊತೆ ತೆಗೆದುಕೊಳ್ಳಿ.
- ಡಾಕ್ಸಿಸೈಕ್ಲಿನ್: ದಿನಕ್ಕೊಂದು. 1-2 ದಿನ ಮೊದಲು ಆರಂಭಿಸಿ, ಮರಳಿದ ಮೇಲೆ 4 ವಾರ. ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ ಇದು ಸಲ್ಲದು.
- ಮೆಫ್ಲೊಕ್ವಿನ್: ವಾರಕ್ಕೊಂದು. 2-3 ವಾರ ಮೊದಲೇ ಆರಂಭಿಸಿ, ಮರಳಿದ ಮೇಲೆ 4 ವಾರ. ಖಿನ್ನತೆ, ಆತಂಕ, ಮೂರ್ಛೆರೋಗ ಇದ್ದವರಿಗೆ ಕೊಡುವುದಿಲ್ಲ.

ಮಾತ್ರೆಯ ಜೊತೆಗೆ ಕೀಟನಾಶಕ ಲೇಪಿಸಿದ ಸೊಳ್ಳೆಪರದೆ ಇರಲೇಬೇಕು. ಮಲೇರಿಯಾ ಹರಡುವ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ.

ಹಳೆಯ ಮಾತ್ರೆ, ಹೊಸ ದಿನಚರಿ

ಔಷಧ ತಜ್ಞೆಯಾಗಿ ನಾನು ಹೆಚ್ಚು ಒತ್ತಿ ಹೇಳುವುದು ಈ ಭಾಗವನ್ನೇ. ಮನೆಯಲ್ಲಿ ನಮ್ಮ ಮಾತ್ರೆಗಳು ಕಾಫಿ, ತಿಂಡಿ, ಸ್ನಾನ, ಟಿವಿ ಧಾರಾವಾಹಿಗಳ ಜೊತೆ ಹೊಂದಿಕೊಂಡಿರುತ್ತವೆ. ಆ ದಿನಚರಿ ಇಲ್ಲವಾದಾಗ ಮಾತ್ರೆಯೂ ತಪ್ಪುತ್ತದೆ. ಆಗ ಬರುವ ಸುಸ್ತನ್ನು ನಾವು "ಹೊಸ ಜಾಗ" ಎಂಬ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

ಥೈರಾಯ್ಡ್: ಲೆವೊಥೈರಾಕ್ಸಿನ್ ಅನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಬೇಕು. ಬೇರೆಯವರ ಮನೆಯಲ್ಲಿ ಉಳಿದುಕೊಂಡಾಗ ಎದ್ದ ಕೂಡಲೇ ಹಾಲಿನ ಚಹಾ ಕೈಗೆ ಬರುತ್ತದೆ. ಬೇಡ ಎನ್ನಲು ಸಂಕೋಚವಾಗುತ್ತದೆ. ಮೊದಲ ದಿನವೇ "ನಾನು ಮಾತ್ರೆ ತೆಗೆದುಕೊಳ್ಳುತ್ತೇನೆ, ಚಹಾ ಆಮೇಲೆ" ಎಂದು ಹೇಳಿಬಿಡಿ.

ಸಕ್ಕರೆ ಕಾಯಿಲೆ: ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ಹೊಸ ಜಾಗದಲ್ಲಿ ಊಟ ತಡವಾಗುವುದೂ ಉಂಟು, ನಡಿಗೆ ಹೆಚ್ಚಾಗುವುದೂ ಉಂಟು. ನಡುಕ, ಬೆವರು, ಗಾಬರಿ ಬಂದರೆ ಅದು ಮನಸ್ಸಿನ ಆತಂಕ ಎಂದುಕೊಳ್ಳುವ ಮೊದಲು ಸಕ್ಕರೆ ಪರೀಕ್ಷಿಸಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಮಾಟೋಕೆ, ಅನ್ನ, ಗೆಣಸು ಒಂದೇ ತಟ್ಟೆಯಲ್ಲಿ ಬಂದರೆ ಯಾವುದಾದರೂ ಒಂದನ್ನು ಆರಿಸಿಕೊಂಡು, ಬೀನ್ಸ್ ಮತ್ತು ಸೊಪ್ಪು ಹೆಚ್ಚು ಬಡಿಸಿಕೊಳ್ಳಿ.

ಡಾಕ್ಸಿಸೈಕ್ಲಿನ್ ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ ಅಥವಾ ಆಸಿಡಿಟಿ ಮಾತ್ರೆ ನುಂಗಿದರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ. ನಡುವೆ 2-3 ಗಂಟೆ ಅಂತರ ಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ಮಲೇರಿಯಾ ಮಾತ್ರೆ ಶುರುಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಸೊಪ್ಪು ತಿನ್ನುವ ಪ್ರಮಾಣ ಬದಲಾದರೂ ಅವರ ರಕ್ತಪರೀಕ್ಷೆಯ ಫಲಿತಾಂಶ ಏರುಪೇರಾಗುತ್ತದೆ.

ಸಮಯದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಲುಗಾಂಡಾ ಭಾಷೆಯಲ್ಲಿ ಗಂಟೆಯ ಎಣಿಕೆ ಬೆಳಿಗ್ಗೆ 6ರಿಂದ ಶುರುವಾಗುತ್ತದೆ. ಅವರ "ಎರಡು ಗಂಟೆ" ಎಂದರೆ ನಮ್ಮ ಬೆಳಗಿನ 8. ಚಿಕಿತ್ಸಾಲಯದಲ್ಲಿ ಔಷಧದ ಸಮಯ ಹೇಳಿದರೆ ಅದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ.

ಸಣ್ಣದಾದರೂ ತಿಳಿದಿರಬೇಕಾದವು

ಒದ್ದೆ ಬಟ್ಟೆಯನ್ನು ಹೊರಗೆ ಒಣಹಾಕಿದಾಗ ಮಾವಿನ ನೊಣ ಎಂದು ಕರೆಯುವ ನೊಣ ಅದರಲ್ಲಿ ಮೊಟ್ಟೆ ಇಡಬಹುದು. ಮರಿಹುಳು ಚರ್ಮದೊಳಗೆ ಹೋಗಿ ಕುರುವಿನಂತೆ ಏಳುತ್ತದೆ. ಒಳಉಡುಪು, ಟವೆಲ್ ಸೇರಿ ಎಲ್ಲ ಬಟ್ಟೆಯನ್ನೂ ಬಿಸಿಯಾಗಿ ಇಸ್ತ್ರಿ ಮಾಡಿ ಬಳಸಿ. ವಿಕ್ಟೋರಿಯಾ ಸರೋವರದ ನೀರಿಗಿಳಿದರೆ ಶಿಸ್ಟೊಸೋಮಿಯಾಸಿಸ್ ಎಂಬ ಹುಳುವಿನ ಸೋಂಕು ತಗುಲಬಹುದು. ದಡದಲ್ಲಿ ನಿಂತು ನೋಡುವುದೇ ಒಳ್ಳೆಯದು. ಬೋಡಾ-ಬೋಡಾ ಎಂಬ ಬಾಡಿಗೆ ಬೈಕ್ ಹತ್ತುವುದಾದರೆ ಹೆಲ್ಮೆಟ್ ಹಾಕಿ.

ಮನಸ್ಸಿನ ಮಾತು

ಹೊಸ ಸಂಸ್ಕೃತಿಗೆ ಹೋದವರ ಅನುಭವವನ್ನು ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲಿ ಹಂತಹಂತವಾಗಿ ವಿವರಿಸಿದರು. ಮೊದಲು ಸಂಭ್ರಮ, ಆಮೇಲೆ ಬೇಸರ ಮತ್ತು ಸಿಟ್ಟು, ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಿಕೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆಂದಿಲ್ಲ. ಊರು ಬಿಟ್ಟು ಮುಂಬೈಗೋ ದೆಹಲಿಗೋ ಬಂದು ನೆಲೆಸಿದ ನಮಗೆ ಇದರ ಪರಿಚಯ ಸ್ವಲ್ಪ ಇದ್ದೇ ಇದೆ. ಅಂಗಡಿಯಲ್ಲಿ ಮಾತು ತಡವರಿಸಿದ ದಿನಗಳನ್ನು ನಾವು ದಾಟಿ ಬಂದಿದ್ದೇವೆ.

ಬಂದು ಹೋಗುವ ಬೇಸರಕ್ಕೆ ಹೆದರಬೇಕಿಲ್ಲ. ಆದರೆ ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಎರಡೂ ಕೆಟ್ಟಿದ್ದರೆ ಸಹಾಯ ಕೇಳಿ. ಮೆಫ್ಲೊಕ್ವಿನ್ ಶುರುಮಾಡಿದ ಮೇಲೆ ಕೆಟ್ಟ ಕನಸು, ಭಯ, ಗೊಂದಲ ಬಂದರೆ ಅದು ಮಾತ್ರೆಯ ಪರಿಣಾಮವಿರಬಹುದು. ಮುಂದಿನ ಡೋಸ್‌ಗೆ ಮೊದಲೇ ವೈದ್ಯರೊಂದಿಗೆ ಮಾತನಾಡಿ. ಖಿನ್ನತೆ ಅಥವಾ ಆತಂಕದ ಮಾತ್ರೆಯನ್ನು "ಹೊಸ ಬದುಕು, ಇನ್ನು ಬೇಡ" ಎಂದು ಒಮ್ಮೆಲೇ ನಿಲ್ಲಿಸಬೇಡಿ.

ಹೊರಡುವ ಮೊದಲು

- ಹಳದಿ ಜ್ವರದ ಲಸಿಕೆ ಉಗಾಂಡಾ ಪ್ರವೇಶಕ್ಕೂ ಬೇಕು, ಭಾರತಕ್ಕೆ ಮರಳುವಾಗಲೂ ಕೇಳುತ್ತಾರೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಪ್ರಮಾಣಪತ್ರ ಲಸಿಕೆಯ 10 ದಿನಗಳ ನಂತರವಷ್ಟೇ ಮಾನ್ಯ. ಇದು ಜೀವಂತ ಲಸಿಕೆ. 60 ದಾಟಿದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು.
- ಔಷಧ ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಮೂಲ ಔಷಧದ ಹೆಸರನ್ನೂ ಪ್ರಮಾಣವನ್ನೂ ಬರೆಸಿ. ಇಲ್ಲಿಯ ಡೋಲೋ ಅಲ್ಲಿ ಪನಡಾಲ್ ಆಗಿ ಸಿಗುತ್ತದೆ, ಎರಡೂ ಪ್ಯಾರಸಿಟಮಾಲ್. ಎರಡು ಮೂರು ಔಷಧ ಸೇರಿಸಿ ಮಾಡಿದ ಮಾತ್ರೆ ಅಲ್ಲಿ ಸಿಗದಿರಬಹುದು. ಬಿಡಿಬಿಡಿಯಾಗಿ ಹೇಗೆ ತೆಗೆದುಕೊಳ್ಳಬೇಕೆಂದು ಈಗಲೇ ಕೇಳಿ.
- ಔಷಧಗಳನ್ನು ಮೂಲ ಪೊಟ್ಟಣದಲ್ಲೇ ಕೈಚೀಲದಲ್ಲಿ ಇಡಿ. ಇನ್ಸುಲಿನ್ ಅನ್ನು ಲಗೇಜಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಕೆಡುತ್ತದೆ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ಇದ್ದರೆ ಅಲ್ಲಿಯ ನಿಯಮವನ್ನು ರಾಯಭಾರ ಕಚೇರಿಯಲ್ಲಿ ವಿಚಾರಿಸಿ.

ಮನೆಯಲ್ಲಿರುವವರಿಗೆ

ಇಲ್ಲಿ ರಾತ್ರಿ 9.30 ಎಂದರೆ ಅಲ್ಲಿ ಸಂಜೆ 7. ಇಬ್ಬರಿಗೂ ಅನುಕೂಲವಾದ ಹೊತ್ತು. "ಊಟ ಆಯ್ತಾ" ಎಂಬ ಪ್ರಶ್ನೆಯ ಜೊತೆ "ಜ್ವರ ಇದೆಯಾ, ಮಾತ್ರೆ ತಗೊಂಡ್ಯಾ" ಎಂದೂ ಕೇಳಿ. ಜ್ವರ ಎಂದರೆ "ಕಷಾಯ ಕುಡಿ" ಎನ್ನುವ ಮೊದಲು "ಟೆಸ್ಟ್ ಮಾಡಿಸಿದೆಯಾ" ಎನ್ನಿ. ಮಾತು ಅಸ್ಪಷ್ಟವಾಗಿದ್ದರೆ, ಗೊಂದಲದಲ್ಲಿದ್ದಂತೆ ಕಂಡರೆ ಅವರ ಸಂಸ್ಥೆಯ ತುರ್ತು ಸಂಖ್ಯೆಗೆ ನೀವೇ ಫೋನ್ ಮಾಡಿ. ಆ ಸಂಖ್ಯೆ ಮೊದಲೇ ನಿಮ್ಮ ಬಳಿ ಇರಲಿ.

ಹೊರಟವರೇ ಇಷ್ಟು ದಿನ ಅಪ್ಪ ಅಮ್ಮನ ಮಾತ್ರೆ ನೋಡಿಕೊಳ್ಳುತ್ತಿದ್ದರೆ, ಆ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ. "ಎಲ್ಲರೂ ನೋಡ್ಕೋತಾರೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಜ್ವರದೊಂದಿಗೆ ಗೊಂದಲ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಉಸಿರಾಟದ ತೊಂದರೆ; ರಕ್ತಭೇದಿ; ಗ್ಲೂಕೋಸ್ ತಿಂದರೂ ಏರದ ಸಕ್ಕರೆ; ಸಾಯುವ ಯೋಚನೆ. ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಶುರುಮಾಡಬೇಕು.

ಮರಳಿ ಬಂದ ಮೇಲೆ ಒಂದು ವರ್ಷದವರೆಗೆ ಜ್ವರ ಬಂದರೆ, ಪುಣೆಯಲ್ಲಿರಲಿ ಚೆನ್ನೈಯಲ್ಲಿರಲಿ, ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: "ನಾನು ಉಗಾಂಡಾದಲ್ಲಿದ್ದೆ."